ಹಾರ ಹಾಕಿಸಿಕೊಂಡ ಸಿಲಿಂಡರುಗಳು

ಪೀಣ್ಯದಲ್ಲಿ ಕಬ್ಬಿಣದ ಬೀರು ಮಾಡುವ ಆ ಕಾರ್ಖಾನೆಯ ಗೇಟಿನಲ್ಲಿ ಮಹಾಂತಮ್ಮನ ಲೂನಾ ಸದ್ದು ಕೇಳಿತೆಂದರೆ ಕೆಲಸಗಾರರು ಬೀಡಿ ಆರಿಸುತ್ತಿದ್ದರು. ಆರಿಸಿದ ಬೀಡಿಯನ್ನು ಬೆಂಕಿ ನಂದಿಸಲೆಂದು ಇಟ್ಟಿದ್ದ ಮರಳಿನ ಬಕೆಟ್ಟಿಗೇ ಚುಚ್ಚುತ್ತಿದ್ದರು. ಅವಳು ಒಳಗೆ ಬಂದು ಮಾಡುತ್ತಿದ್ದ ಮೊದಲ ಕೆಲಸ, ಆ ಬಕೆಟ್ಟನ್ನು ಎತ್ತಿ ಫೋರ್‌ಮನ್ ಹನುಮಯ್ಯನ ಮೇಜಿನ ಮೇಲೆ ಬೋರಲು ಹಾಕುವುದು. ಬೀಡಿ ತುಂಡು, ಎಲೆಯಡಿಕೆ ಉಗುಳು, ಒಮ್ಮೆ ಒಂದು ಹರಿದ ಚಪ್ಪಲಿ.

"ಇದು ಮರಳೋ, ನಿಮ್ಮ ಹಿತ್ತಲ ತಿಪ್ಪಿಯೋ?"

"ಬಂದ್ಳಪ್ಪಾ ಬೆಂಕಿಮಾರಿ," ಎನ್ನುತ್ತಿದ್ದ ಹನುಮಯ್ಯ, ಎಲ್ಲರಿಗೂ ಕೇಳುವಂತೆ.

ಮಹಾಂತಮ್ಮ ಇಳಕಲ್ ಕಡೆಯವಳು. ಟಿ. ದಾಸರಹಳ್ಳಿಯಲ್ಲಿ ಮುರಿಗೆಪ್ಪನದು ಬೆಂಕಿ ಆರಿಸುವ ಸಿಲಿಂಡರುಗಳಿಗೆ ಪುಡಿ ತುಂಬುವ ಶೆಡ್ಡು. ಅಲ್ಲಿ ಕೆಲಸಕ್ಕಿದ್ದ ಗಂಡ ಕಾಮಾಲೆಯಲ್ಲಿ ಹೋದ ಮೇಲೆ ಅವಳನ್ನು ಜರಡಿ ಕೋಣೆಗೆ ಸೇರಿಸಿಕೊಂಡರು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಪುಡಿ ಜರಡಿ ಹಿಡಿಯುವುದು. ಕೆಮ್ಮು ಬಿಡದಾದಾಗ, ಕಾರ್ಖಾನೆಗಳಿಗೆ ಹೋಗಿ ತಪಾಸಣೆ ಮಾಡುವ ಕೆಲಸ ಕೊಡಿ ಎಂದು ಜಗಳವಾಡಿ ಗೆದ್ದಿದ್ದಳು. ಮುರಿಗೆಪ್ಪ ಒಂದೇ ಮಾತು ಹೇಳಿದ್ದ: "ಒಂದು ಕಂಪ್ಲೇಂಟ್ ಬಂದ್ರೂ ತಿರುಗಿ ಜರಡಿಗೆ."

ಅವಳ ಕ್ರಮ ಬದಲಾಗುತ್ತಿರಲಿಲ್ಲ. ಸಿಲಿಂಡರನ್ನು ತಲೆಕೆಳಗು ಮಾಡಿ, ಕಿವಿ ಹಚ್ಚಿ, ರಬ್ಬರ್ ಸುತ್ತಿಗೆಯಿಂದ ತಟ್ಟುವಳು. ಒಳಗಿನ ಪುಡಿ ಜೋಳದ ಹಿಟ್ಟಿನಂತೆ ಸರಿದರೆ ಸರಿ. ದೊಪ್ಪನೆ ಬಿದ್ದರೆ ತೇವ ಹಿಡಿದು ಗಟ್ಟಿಯಾಗಿದೆ ಎಂದರ್ಥ. ಆಮೇಲೆ ತಲೆಯ ಮೇಲಿನ ಗುಂಡಿಯೂ ಅದರ ಕ್ಲಿಪ್ಪೂ ಸಲೀಸಾಗಿ ಆಡುತ್ತವೆಯೇ ಎಂದು ನೋಡುವಳು. ಗುಂಡಿಗೆ ಗುದ್ದಿದರೆ ತಾನೇ ಒಳಗಿನ ಪುಟ್ಟ ಗ್ಯಾಸು ಬುಡ್ಡಿ ಒಡೆದು, ಗ್ಯಾಸು ಪುಡಿಯನ್ನು ಹೊರಗೆ ತಳ್ಳುವುದು!

ತೊಂಬತ್ನಾಲ್ಕರ ದಸರಾ. ತಿಂಗಳಿಡೀ "ನಾಳೆ ಬಾ" ಎಂದು ಹನುಮಯ್ಯ ಓಡಿಸಿದ್ದರಿಂದ ಅವಳು ಹಟ ಹಿಡಿದು ಆಯುಧಪೂಜೆಯ ದಿನವೇ ಬಂದಳು. ಗೋಡೆಯ ಕೊಕ್ಕೆಗಳೆಲ್ಲ ಖಾಲಿ. ಸಿಲಿಂಡರುಗಳು ಕಂಪ್ರೆಸರಿನ ಮುಂದೆ ಸಾಲಾಗಿ ಕೂತಿದ್ದವು: ಗುಂಡಿ, ಕ್ಲಿಪ್ಪು ಯಾವುದನ್ನೂ ಬಿಡದೆ ಬಳಿದ ಕೆಂಪು ಪೇಂಟು, ಅದರ ಮೇಲೆ ಗಂಧ, ಕುಂಕುಮ, ಚೆಂಡುಹೂವಿನ ಹಾರ.

"ಇವನ್ನ ಯಾರು ಇಳಿಸಿದ್ರು? ತಿರುಗಿ ಹಾಕ್ರಿ. ಗುಂಡಿ ಕೆರೀಬೇಕು."

"ಅಬ್ಬದ್ ದಿನ ಬಂದು ಬೆಂಕಿ ಮಾತಾಡ್ತೀಯಲ್ಲ! ಪೂಜೆಗೆ ಇಟ್ಟ ಆಯುಧ ನಾಳೆಗಂಟ ಮುಟ್ಟಂಗಿಲ್ಲ. ಅದೂ ನೀನು, ಗಂಡನ್ ಕಳ್ಕೊಂಡೋಳು."

"ನಾಳಿತನಾ ಬೆಂಕಿಗೂ ರಜಾ ಕೊಟ್ಟೀರೇನು?"

ಮಾಲೀಕ ಗುರುರಾಜ್ ರೇಷ್ಮೆ ಪಂಚೆಯಲ್ಲಿ ಹೊರಗೆ ಬಂದ. "ಏನಮ್ಮಾ ಇದು ರಗಳೆ? ಹೊರಗೆ ಹೋಗು. ಇಲ್ಲಾಂದ್ರೆ ಮುರಿಗೆಪ್ಪಂಗೆ ಫೋನ್ ಮಾಡ್ತೀನಿ."

ಜರಡಿ ಕೋಣೆ ಕಣ್ಣ ಮುಂದೆ ಬಂತು. ಅವಳು ಹೊರಗೆ ಹೋದಳು, ಆದರೆ ಗೇಟು ದಾಟಲಿಲ್ಲ. ಲೂನಾಗೆ ಕಟ್ಟಿದ್ದ ಹೊಸ ಸಿಲಿಂಡರನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು.

ಹನುಮಯ್ಯ ಬೂದುಗುಂಬಳದ ಮೇಲೆ ಕರ್ಪೂರ ಉರಿಸಿ, ಪೇಂಟ್ ಹೊಡೆಯುವ ಶೆಡ್ಡಿನ ಬಾಗಿಲಿಗೆ ನಿವಾಳಿಸಿ ನೆಲಕ್ಕೆ ಕುಕ್ಕಿದ. ಕಾಯಿ ಹೋಳಾಯಿತು. ಉರಿಯುತ್ತಿದ್ದ ಕರ್ಪೂರ ಸಿಡಿದು ಥಿನ್ನರ್ ಒರೆಸಿದ ಬಟ್ಟೆಗಳ ಗುಡ್ಡೆಗೆ ಬಿತ್ತು. ಭಗ್ಗೆಂದಿತು. ಅದರ ಪಕ್ಕದಲ್ಲೇ ಥಿನ್ನರ್ ಡ್ರಮ್ಮು.

ಹನುಮಯ್ಯ ಓಡಿ ಒಂದು ಸಿಲಿಂಡರಿನ ಹಾರ ಕಿತ್ತೆಸೆದು ಗುಂಡಿಗೆ ಗುದ್ದಿದ. ಪೂಜೆಗೆಂದು ಬಳಿದ ಪೇಂಟು ಒಣಗಿ ಅದನ್ನು ಕಚ್ಚಿಕೊಂಡಿತ್ತು. ಮತ್ತೆ ಗುದ್ದಿದ; ಅಂಗೈ ಒಡೆಯಿತು. ಇನ್ನೊಂದನ್ನು ಎತ್ತಿದ. ಅದೂ ಅಲುಗಲಿಲ್ಲ.

"ಸರೀರಿ!" ಎಂದು ಅವನನ್ನು ಮೊಣಕೈಯಿಂದ ತಳ್ಳಿ ಮಹಾಂತಮ್ಮ ತನ್ನ ಸಿಲಿಂಡರಿನ ಗುಂಡಿ ಒತ್ತಿದಳು, ಉರಿಯ ಬುಡಕ್ಕೆ ಹಿಡಿದು ಆ ಕಡೆ ಈ ಕಡೆ ಬೀಸಿದಳು. ಬೆಂಕಿ ಸತ್ತಿತು.

ಪುಡಿ ಇಳಿದಾಗ ಪೂಜೆಗಿಟ್ಟ ಕಡ್ಲೆಪುರಿಗೆಲ್ಲ ಪುಡಿ ಕವಿದಿತ್ತು, ಗುರುರಾಜನ ರೇಷ್ಮೆ ಬೆಳ್ಳಗಾಗಿತ್ತು. ಹಬ್ಬ ಮುಗಿಸಿ ಕಳಿಸಬೇಕಿದ್ದ ಬೀರುಗಳ ಹಸಿ ಪೇಂಟಿಗೆಲ್ಲ ಪುಡಿ ಮೆತ್ತಿತ್ತು.

"ಎಲ್ಲಾ ಹಾಳ್ ಮಾಡ್ಬಿಟ್ಟೆಯಲ್ಲೇ! ಒಂದ್ ಬಿಂದಿಗೆ ನೀರು ಹಾಕಿದ್ರೆ ಆಗ್ತಿತ್ತು!" ಎಂದು ಗುರುರಾಜ್ ಕೂಗಿದ.

ಥಿನ್ನರ್ ನೀರಿಗಿಂತ ಹಗುರ. ನೀರು ಹಾಕಿದ್ದರೆ ಉರಿ ತೇಲಿಕೊಂಡು ಶೆಡ್ಡಿಡೀ ಹರಡುತ್ತಿತ್ತು. ಅದನ್ನು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಗುರುರಾಜ್ ಫೋನಿನ ಹತ್ತಿರ ಹೋಗಿದ್ದ. ಹನುಮಯ್ಯ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಿದ್ದ.

ಮಹಾಂತಮ್ಮ ಜರಡಿ ಕೋಣೆಗೆ ಮರಳಿದಳು. ಕೆಮ್ಮೂ ಮರಳಿತು.

ಯುಗಾದಿ ಹತ್ತಿರವಾದಾಗ ದಾಸರಹಳ್ಳಿಯ ಶೆಡ್ಡಿಗೆ ಹನುಮಯ್ಯ ಬಂದ. ಮುರಿಗೆಪ್ಪನ ಎದುರು ನಿಂತು ಗೊಣಗಿದ: "ಅವಳ ಬದ್ಲು ನೀನ್ ಕಳಿಸೋ ಉಡುಗ ಬಟ್ಟೇಲಿ ಒರೆಸ್ತಾನೆ, ಟೀ ಕುಡೀತಾನೆ, ಎಲ್ಲಾ ಸಕ್ಕತ್ತಾಗೈತೆ ಸಾರ್ ಅಂತಾನೆ. ಅವನು ಅಂಗಂದಾಗೆಲ್ಲ ನಂಗೆ ಎದೆ ಡವಡವ ಅಂತದೆ. ಆ ಬಾಯಿಬಡುಕೀನೇ ಕಳ್ಸಪ್ಪ. ಗುರುರಾಜ್ ಸಾರ್‌ಗೆ ನಾನು ಏಳ್ಕೊಂಡಿದೀನಿ."

ಜರಡಿ ಕೋಣೆಯ ಬಾಗಿಲಲ್ಲಿ ಪುಡಿ ಕೂತು ಬೆಳ್ಳಗಾದ ಹುಬ್ಬುಗಳ ಮಹಾಂತಮ್ಮ ನಿಂತಿದ್ದಳು.

"ಕುಂಕುಮ?"

"ಇನ್ಮೇಲೆ ಕೊಕ್ಕೆ ಕೆಳಗೆ ಗೋಡೆಗೆ ಇಡ್ತೀವಿ. ಪೇಂಟೂ ಬಳಿಯಲ್ಲ. ಖುಸೀನಾ?"

"ಬಕೆಟ್ಟಿನಾಗ ಬೀಡಿ?"

ಹನುಮಯ್ಯ ತಗಡಿನ ಸೂರು ನೋಡತೊಡಗಿದ.

"ಮೇಜು ಖಾಲಿ ಮಾಡಿ ಇಟ್ಟಿರ್ರಿ," ಎಂದು ಮಹಾಂತಮ್ಮ ಮೂಗಿನ ಒದ್ದೆ ಬಟ್ಟೆ ಬಿಚ್ಚಿದಳು.