ನೀರಿನ ಮಾತ್ರೆ

ಟೆಲಿಫೋನ್ ತಂತಿಗಳೆಲ್ಲ ನೆಲದಡಿಯಲ್ಲಿ ಓಡುತ್ತಿದ್ದ ಕಾಲದಲ್ಲಿ ಕೇಬಲ್ ಜಾಯಿಂಟರ್ ಎಂದರೆ ಸಾಮಾನ್ಯ ಆಸಾಮಿಯಲ್ಲ. ಗುಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತು, ಕೂದಲೆಳೆಯಂಥ ನೂರಾರು ತಂತಿಗಳನ್ನು ಬಣ್ಣ ನೋಡಿ ಜೋಡಿಸಬೇಕು. ಒಂದು ತಪ್ಪಿದರೆ ಯಾರದೋ ಮನೆಯ ಮಾತು ಇನ್ಯಾರದೋ ಮನೆಗೆ. ನಮ್ಮ ಜಾಯಿಂಟರು ಇಡೀ ನೌಕರಿ ಹಾಗೆ ಕೂತೇ ಕಳೆದವರು. ಹಠಮಾರಿ ಎಂದರೆ ಅಂಥಿಂಥ ಹಠಮಾರಿಯಲ್ಲ. ಬಿಪಿ ಇದೆ ಎಂದು ಆಫೀಸಿನ ಡಾಕ್ಟರು ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಹೆಂಡತಿ ಬಟ್ಟೆ ಹೊಲಿಯುತ್ತ ಹೊಲಿಯುತ್ತಲೇ ಬುದ್ಧಿ ಹೇಳಿ ಸೋತಳು.

ನಿವೃತ್ತಿಯಾದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಕಾಲು ಊದಿ ಚಪ್ಪಲಿಗೆ ತೂರುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒಟ್ಟಿಕೊಂಡು ಕೂತೇ ನಿದ್ದೆ. ಕೊನೆಗೆ ಹೆಂಡತಿ ಅವರನ್ನು ಎಳೆದುಕೊಂಡೇ ಆಸ್ಪತ್ರೆಗೆ ಹೋದಳು.

"ಹೃದಯ ಅಂದ್ರೆ ಕೋಟಿಗಟ್ಟಲೆ ಜೀವಕೋಶಗಳು," ಎಂದರು ಡಾಕ್ಟರಮ್ಮ. "ಅಕ್ಕಪಕ್ಕದ ಕೋಶಗಳ ನಡುವೆ ಸಣ್ಣ ಸಣ್ಣ ಕಿಂಡಿಗಳಿವೆ. 'ಈಗ ಹಿಂಡು' ಅನ್ನೋ ಸುದ್ದಿ ಅಲ್ಲಿಂದಲೇ ದಾಟುತ್ತೆ. ಅದಕ್ಕೇ ಎಲ್ಲವೂ ಒಟ್ಟಿಗೆ ಹಿಂಡೋದು. ನಿಮ್ಮ ಹೃದಯ ಬಿಪಿ ಜೊತೆ ವರ್ಷಾನುಗಟ್ಟಲೆ ಗುದ್ದಾಡಿ ದಣಿದಿದೆ. ಕೋಶಗಳು ಹಿಗ್ಗಿವೆ, ನಡುನಡುವೆ ಗಾಯದ ಕಲೆ ಬಿದ್ದಿದೆ, ಕಿಂಡಿಗಳು ಕಮ್ಮಿಯಾಗಿವೆ."

ಜಾಯಿಂಟರ ಮುಖ ಅರಳಿತು. "ಜಾಯಿಂಟ್ ಕೆಟ್ಟಿದೆ ಅನ್ನಿ."

"ಹಾಗೇ ಅಂದ್ಕೊಳ್ಳಿ," ಎಂದು ಡಾಕ್ಟರಮ್ಮ ನಕ್ಕರು. ಹೃದಯ ಕಾಯಲು ಬಿಳಿ ಮಾತ್ರೆ, ಮೈಯ ನೀರಿಳಿಸಲು ಹಳದಿ ಮಾತ್ರೆ ಬರೆದರು. ಬಿಳಿಯದನ್ನು ಯಾವ ಕಾರಣಕ್ಕೂ ಬಿಡಬೇಡಿ ಎಂದು ಹೆಂಡತಿಗೂ ಹೇಳಿದರು.

ಆ 'ಹಾಗೇ ಅಂದ್ಕೊಳ್ಳಿ'ಯೇ ಎಡವಟ್ಟಾಯಿತು. ಜಾಯಿಂಟ್ ಕೆಟ್ಟರೆ ಒಳಗೆ ನೀರು ಹೊಕ್ಕಿದೆ ಎಂದೇ ಜಾಯಿಂಟರ ಲೆಕ್ಕ. ಬಿಚ್ಚಿ, ಬಿಸಿಗಾಳಿ ಕೊಟ್ಟು ಒಣಗಿಸಿದರೆ ಲೈನು ಮತ್ತೆ ಮಾತಾಡುತ್ತಿತ್ತು.

"ಆ ಬಿಳಿಯದು ತಿಂದ್ರೆ ಕೈಕಾಲೇ ಏಳಲ್ಲ ಕಣೇ. ತೆಗೆದಿಡು. ಹಳದೀದು ಎರಡು ಕೊಡು. ನೀರು ಹೋದ್ರೆ ಎಲ್ಲ ತಾನಾಗೇ ಸರಿಹೋಗುತ್ತೆ."

"ಬಿಡಬೇಡಿ ಅಂದಿದಾರಲ್ರೀ?"

"ಜಾಯಿಂಟ್ ವಿಷಯ ನನಗೇ ಹೇಳ್ಕೊಡ್ತೀಯಾ?"

ಅವಳು ಅಂಜುತ್ತಲೇ ಒಪ್ಪಿದಳು. ನೋಡನೋಡುತ್ತಿದ್ದಂತೆ ಕಾಲಿನ ಊತ ಇಳಿಯಿತು. ಜಾಯಿಂಟರು ಚಪ್ಪಲಿ ಮೆಟ್ಟಿ ಬೀದಿಯ ತುದಿಯವರೆಗೆ ಹೋಗಿ ತರಕಾರಿ ತಂದರು. ಅವಳಿಗೆ ಹೋದ ಜೀವ ಬಂದಂತಾಯಿತು. ಅಲ್ಲಿಂದ ದಿನಾ ಬೆಳಿಗ್ಗೆ ಬಿಳಿ ಮಾತ್ರೆಯನ್ನು ತನ್ನ ಕೈಯಾರೆ ತೆಗೆದು ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಅವರು ಬಚ್ಚಲಮನೆಯಲ್ಲಿ ಕುಸಿದರು. ಆಸ್ಪತ್ರೆಗೆ ಮಗಳೂ ಓಡಿಬಂದಳು. ಡಾಕ್ಟರಮ್ಮ ಈ ಸಲ ನಗಲಿಲ್ಲ.

"ನೀರು ರೋಗ ಅಲ್ಲ, ರೋಗದ ಗುರುತು. ಬಿಳಿ ಮಾತ್ರೆ ಬಿಟ್ಟಿದ್ದಕ್ಕೆ ಹೃದಯ ಅಡ್ಡಾದಿಡ್ಡಿ ಹೊಡ್ಕೊಳ್ತಿದೆ. ಅದರ ಮೇಲೆ ನೀರಿನ ಮಾತ್ರೆ ಡಬಲ್, ರಕ್ತದ ಲವಣವೆಲ್ಲ ಇಳಿದುಹೋಗಿದೆ. ಯಾರು ಹೇಳಿದ್ದು ಇದನ್ನ?"

ಹೆಂಡತಿ ಬಾಯಿ ತೆರೆಯುವ ಮೊದಲೇ ಜಾಯಿಂಟರು ಮೂಗಿನ ಮೇಲಿನ ಮಾಸ್ಕ್ ಸರಿಸಿದರು. "ನಾನೇ. ಇವಳಿಗೇನೂ ಗೊತ್ತಿಲ್ಲ. ಇವಳ ಕಣ್ಣು ತಪ್ಪಿಸಿ ಎಸೀತಿದ್ದೆ."

ಮಗಳು ಅಪ್ಪನನ್ನು ದುರುಗುಟ್ಟಿ ನೋಡಿದಳು. ನಿಜವನ್ನು ನಾಳೆ ಹೇಳಿದರಾಯಿತು, ಇವರು ಚೇತರಿಸಿಕೊಳ್ಳಲಿ ಎಂದುಕೊಂಡಳು ತಾಯಿ. ಮರುದಿನ ಬೆಳಗಾಗುವಷ್ಟರಲ್ಲಿ ಆ ಹೃದಯ ಹಿಂಡುವುದನ್ನೇ ಮರೆತು ಬರೀ ಅದುರಿ ಅದುರಿ ನಿಂತುಹೋಯಿತು.

ಬಂದವರೆಲ್ಲ ಹೆಂಡತಿಗೆ ಸಮಾಧಾನ ಹೇಳಿದರು, ಪಾಪ ನಿಮಗೆ ಗೊತ್ತಿರಲಿಲ್ಲವಲ್ಲ ಎಂದರು. ಅವಳು ಹೊಲಿಗೆ ಯಂತ್ರದ ಡ್ರಾಯರಿಗೆ ಬೆನ್ನು ಕೊಟ್ಟು ಕೂತಿದ್ದಳು. ಮಗಳು ಮಾತ್ರ ಅತ್ತಿರಲಿಲ್ಲ. ಅಪ್ಪನ ಬಟ್ಟೆಗಳನ್ನು ಸಿಟ್ಟಿನಿಂದ ಮಡಚುತ್ತಿದ್ದಳು.

"ಕಟ್ಕೊಂಡ ಹೆಂಡತಿಗೂ ಸುಳ್ಳು ಹೇಳಿ ಹೋದ್ರಲ್ಲ. ಇದನ್ನ ನಾನು ಯಾವತ್ತೂ ಕ್ಷಮಿಸಲ್ಲ."

"ಹಾಗನ್ಬೇಡ ಕಣೇ. ಅಪ್ಪನ ಮೇಲೆ ಸಿಟ್ಟು ಇಟ್ಕೋಬೇಡ."

"ನೀನು ಸುಮ್ನಿರಮ್ಮ," ಎಂದಳು ಮಗಳು. "ಯಾವಾಗ್ಲೂ ಅವರ ತಪ್ಪು ಮುಚ್ಚೋದೇ ಆಯ್ತು ನಿಂದು."