ಎರಡನೆಯ ದಿಬ್ಬದ ಬುಡದಲ್ಲಿ

ನಮ್ಮೂರು ಒಬಿಹಿರೊದ ಪಂದ್ಯದಲ್ಲಿ ಕುದುರೆ ಓಡುವುದಿಲ್ಲ, ಎಳೆಯುತ್ತದೆ. ಕಬ್ಬಿಣದ ಜಾರುಬಂಡಿ ಎಳೆದುಕೊಂಡು ಎರಡು ದಿಬ್ಬ ಹತ್ತಬೇಕು. ನನ್ನ ತಂಗಿಯ ಗಂಡ ಮಿತ್ಸುಗು ಮೂವತ್ತೆಂಟು ವರ್ಷದಿಂದ ಅಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದಾನೆ. ಈಗ ಅವನ ಕೈಯಲ್ಲಿರುವುದು ಯುಕಿಗುಮೊ ಅನ್ನುವ ಬೂದು ಕುದುರೆ.

ಹೋದ ಬೇಸಿಗೆಯಲ್ಲಿ ಸಿನಿಮಾ ನಟ ಹಯಾಸೆ ತನ್ನ ಪಾಡ್‌ಕಾಸ್ಟಿಗೆ ಅವನನ್ನು ಮಾತಾಡಿಸಲು ಬಂದ. ಒಳ್ಳೆಯ ಹುಡುಗ, ಕುದುರೆಗೂ ತಲೆಬಾಗಿದ. ಮಿತ್ಸುಗು ಎರಡು ತಾಸು ಹೇಳಿದ್ದು ಒಂದೇ ವಿಷಯ: ಎರಡನೆಯ ದಿಬ್ಬದ ಬುಡದಲ್ಲಿ ಕುದುರೆಯನ್ನು ಬೇಕಂತಲೇ ನಿಲ್ಲಿಸುತ್ತಾರೆ. ಪಕ್ಕೆಯ ಏರಿಳಿತ ನಿಧಾನವಾಗುವವರೆಗೆ ಕಾಯಬೇಕು. ಬೇಗ ಹೊರಟರೆ ನಡುದಿಬ್ಬದಲ್ಲಿ ಮಂಡಿ ಕುಸಿಯುತ್ತದೆ.

ಜನರ ಕಿವಿಗೆ ಬಿದ್ದದ್ದು ಒಂಬತ್ತು ನಿಮಿಷ. ಮಾತಿನ ನಡುವೆ ಬಂದ, ಕುದುರೆ ಮಿತ್ಸುಗುವಿನ ಟೋಪಿ ತಿಂದ ಕಥೆ, ನಗು. ಕೊನೆಗೆ ಹಯಾಸೆ, "ಪಾಪ, ದಿಬ್ಬ ಕಂಡ ಕೂಡಲೇ ಅದಕ್ಕೆ ಧೈರ್ಯ ಹೋಗುತ್ತೆ. ಆಗ ನೀವೆಲ್ಲ ಜೋರಾಗಿ ಕೂಗಿ, ಹುರುಪು ಬರುತ್ತೆ!" ಅಂದ.

ಜನ ಬಂದರು. ಖಾಲಿ ಬೆಂಚು ತುಂಬಿತು, ನಾನು ಅಲ್ಲಿ ಬೇಯಿಸಿ ಮಾರುವ ಮುಸುಕಿನ ಜೋಳ ಮಧ್ಯಾಹ್ನಕ್ಕೇ ಮುಗಿಯಿತು, ಅದನ್ನೂ ಹೇಳಬೇಕು. ಆದರೆ ಯುಕಿಗುಮೊ ದಿಬ್ಬದ ಬುಡದಲ್ಲಿ ನಿಂತ ಕೂಡಲೇ ಬೇಲಿಯುದ್ದಕ್ಕೂ ನೂರಾರು ಜನ ಕಿರುಚಿದರು. ಬಂಡಿಯ ಮೇಲೆ ನಿಂತು ಕುದುರೆ ನಡೆಸುವ ಹುಡುಗಿ ಚಿನಾಮಿ ಲಗಾಮು ಬಿಗಿಹಿಡಿದರೂ ಅದು ಬೆದರಿ ನುಗ್ಗಿತು, ನಡುದಿಬ್ಬದಲ್ಲಿ ಮಂಡಿಯೂರಿತು. ಇನ್ನೊಮ್ಮೆ ಹೀಗಾದರೆ ಕಾಲು ಉಳಿಯುವುದಿಲ್ಲ ಅಂದರು ಡಾಕ್ಟರು. ಎಳೆಯಲಾರದ ಕುದುರೆಗೆ ಲಾಯದಲ್ಲಿ ಜಾಗವಿಲ್ಲ.

ಕೂಗಬೇಡಿ ಅಂತ ಜನಕ್ಕೆ ಹೇಳಪ್ಪ ಎಂದು ಕೇಳಲು ಮಿತ್ಸುಗು ಹಯಾಸೆಗೆ ಫೋನ್ ಮಾಡಿದ.

"ನೀವು ಹೇಳೋದೆಲ್ಲ ಸರಿ ಯಜಮಾನ್ರೇ. ಆದರೆ ಉಸಿರಾಟದ ಮಾತು ಯಾರು ಕೇಳ್ತಾರೆ? ಟೋಪಿ ಥರ ಇನ್ನೊಂದು ಕಥೆ ಕೊಡಿ, ಜೊತೆಗೆ ಇದನ್ನೂ ಒಂದು ನಿಮಿಷ ಸೇರಿಸ್ತೀನಿ. ಮುಂದಿನ ತಿಂಗಳು."

"ಪಂದ್ಯ ಈ ಭಾನುವಾರ ಇದೆಯಪ್ಪ."

ಫೋನಿಟ್ಟ ಮಿತ್ಸುಗುವಿನ ಮುಖ ನೋಡಲಾರದೆ ನಾನು ರೇಗಿಸಿದೆ: "ಹೆಣ್ಣು ನೋಡೋಕೆ ಬಂದಾಗಲೂ ನೀನು ಕುದುರೆ ಉಸಿರಿನ ಮಾತೇ ಆಡಿದ್ದೆ. ನಮ್ಮಪ್ಪ ಕೂತಲ್ಲೇ ಗೊರಕೆ ಹೊಡೆದರು."

"ನಿಮ್ಮ ತಂಗಿ ಎಚ್ಚರವಾಗಿದ್ದಳಲ್ಲ, ಅಕ್ಕ," ಅಂದ. ನಗಲಿಲ್ಲ.

ಭಾನುವಾರ ಬೆಳಿಗ್ಗೆ ಉಣ್ಣೆ ಉಂಡೆ ಮಾಡಿ ಕುದುರೆಯ ಎರಡೂ ಕಿವಿಗೆ ತುರುಕಿದ.

"ನನ್ನ ದನಿಯೂ ಕೇಳಲ್ವಲ್ಲ, ಯಜಮಾನ್ರೇ?" ಅಂದಳು ಚಿನಾಮಿ.

"ಲಗಾಮಲ್ಲೇ ಹೇಳು."

ದಿಬ್ಬದ ಬುಡದಲ್ಲಿ ಜನ ಕೂಗಿದರು. ಯುಕಿಗುಮೊ ನಿಂತೇ ಇತ್ತು. ಪಕ್ಕೆ ನಿಧಾನವಾದ ಮೇಲೆ ಹತ್ತಿತು, ಏಳನೆಯದಾಗಿ ಬಂತು. ತಮ್ಮ ಕೂಗಿನಿಂದಲೇ ಹತ್ತಿತೆಂದು ಜನ ಚಪ್ಪಾಳೆ ತಟ್ಟಿದರು.

ಪಂದ್ಯದ ದಿನ ಲಾಯದಿಂದ ಬಂಡಿಯವರೆಗೂ ಕುದುರೆಯ ಜೊತೆ ಮಾತಾಡುತ್ತ ಬರುವುದು ಮಿತ್ಸುಗುವಿನ ರೂಢಿಯಾಗಿತ್ತು. ಈಗ ಅದರ ಕಿವಿಯಲ್ಲಿ ಉಣ್ಣೆ ಇರುವುದರಿಂದ ಸುಮ್ಮನೆ ಬರುತ್ತಾನೆ. ಕುದುರೆ ಎರಡು ಹೆಜ್ಜೆಗೊಮ್ಮೆ ತಿರುಗಿ ಅವನ ಬಾಯಿ ನೋಡುತ್ತದೆ.