ಮೇಲಿನ ಹಲಗೆಯ ಡಬ್ಬಿ

ಮೂಗುದೊರೆಯ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದ ದಿನ ನಮ್ಮವರು ನಾಲಗೆ ಸುಟ್ಟುಕೊಂಡು ಮನೆಗೆ ಬಂದಿದ್ದರು. ಕನ್ನಡಿಯ ಮುಂದೆ ನಿಂತು ನಾಲಗೆ ಚಾಚಿ ಚಾಚಿ ನೋಡಿಕೊಳ್ಳುತ್ತಿದ್ದರು. ನಮ್ಮವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಐವತ್ತು ತುಂಬಿದ ಮೇಲೆ ಪೈಪು ಸೇದುವ ಆಸೆ ಹುಟ್ಟಿ, ಯಾರದೋ ಪೈಪು ಎರವಲು ತಂದು ಬುಸುಬುಸು ಎಳೆದಿದ್ದರು.

"ಎರವಲು ಯಾಕೆ? ಹೊಸದೊಂದು ಕೊಂಡ್ಕೋಬಾರ್ದಾ?" ಅಂದೆ.

"ಕೊಳ್ಳೋಕೇ ಹೋಗಿದ್ದೆ ಕಣೇ. ಆ ಪೈಪಿನಂಗಡಿ ಮನುಷ್ಯ ಕೊಡ್ಲೇ ಇಲ್ಲ."

"ಅಂಗಡಿ ತೆರೆದು ಕೂತು ಕೊಡಲ್ಲ ಅಂದ್ರೆ?"

"ಹತ್ರ ಬಂದು ಒಂದ್ಸಲ ಮೂಸಿದ. ಸಿಹಿ ಹಾಕಿರೋ ಒದ್ದೆ ತಂಬಾಕು, ಅದನ್ನೂ ಜೋರಾಗಿ ಎಳೆದಿದ್ದೀರಿ, ಮೊದಲು ನಾಲಗೆ ವಾಸಿ ಮಾಡ್ಕೊಂಡು ಬನ್ನಿ ಅಂದ್ಬಿಟ್ಟ. ಅವನಿಗೆ ಮೂಗುದೊರೆ ಅಂತ ಸುಮ್ನೆ ಹೆಸರಿಟ್ಟಿಲ್ಲ ಜನ."

ಗಿರಾಕಿಯನ್ನು ಬರಿಗೈಲಿ ಕಳಿಸುವ ಆ ದೊರೆಯನ್ನು ನೋಡಲೇಬೇಕೆಂದು ಮುಂದಿನ ವಾರ ನಾನೂ ಹೋದೆ. ದರ್ಜಿ ಅಂಗಡಿಗೂ ಔಷಧದಂಗಡಿಗೂ ನಡುವೆ ಸಿಕ್ಕಿಕೊಂಡ ಹಾಗಿದ್ದ ಇಕ್ಕಟ್ಟಾದ ಜಾಗ. ಗೋಡೆ ತುಂಬ ಡಬ್ಬಿಗಳು. ದೊರೆ ಅಂದರೆ ಏನೋ ಅಂದುಕೊಂಡಿದ್ದೆ. ಮೊಣಕೈ ಹರಿದ ಸ್ವೆಟರಿನ ಸಣಕಲು ಮನುಷ್ಯ. ಮೂಗು ಮಾತ್ರ ದೊರೆಯದೇ.

ನಮ್ಮವರು ನೇರವಾಗಿ ಡೊಂಕು ಕತ್ತಿನ ದೊಡ್ಡ ಪೈಪಿಗೆ ಕೈ ಹಾಕಿದರು.

"ಅದು ಫೋಟೋಕ್ಕೆ ಚಂದ. ಹಲ್ಲು ನಿಮ್ಮದೇನಾ, ಕಟ್ಟಿಸಿದ್ದಾ?"

"ಮೇಲಿನ ಸಾಲು ಕಟ್ಟಿಸಿದ್ದು."

"ಹಾಗಾದ್ರೆ ಪೈಪಿನ ಜೊತೆ ಹಲ್ಲೂ ಕೆಳಗೆ ಬೀಳುತ್ತೆ. ಯಾವಾಗ ಸೇದ್ತೀರಿ?"

"ಗಡಿಯಾರ ರಿಪೇರಿ ಮಾಡ್ತಾ ಮಾಡ್ತಾ."

"ಬೂದಿ ಉದುರಿ ಗಡಿಯಾರ ಹನ್ನೆರಡಕ್ಕೆ ಮೂರು ಹೊಡೆದ್ರೆ ಬೈಸಿಕೊಳ್ಳೋರು ನೀವೇ. ಸಂಜೆ ಕುರ್ಚೀಲಿ ಕೂತು ಸೇದಿ."

ಅವರು ಕೊಟ್ಟದ್ದು ಅಂಗಡಿಯಲ್ಲೇ ಅಗ್ಗದ್ದು, ಜೋಳದ ದಿಂಡು ಕೊರೆದು ಮಾಡಿದ ಹಗುರ ಪೈಪು. ಜೊತೆಗೆ ಸಿಹಿ ಸೇರಿಸದ, ಚೆನ್ನಾಗಿ ಒಣಗಿದ ತಂಬಾಕು, ಒಂದು ಹಿಡಿ. ಮೊದಲ ದಿನಗಳಲ್ಲಿ ಕಾಲುಭಾಗ ಮಾತ್ರ ತುಂಬಬೇಕು, ಕೈಗೆ ಬಿಸಿ ತಾಗಿದರೆ ಕೆಳಗಿಡಬೇಕು, ಆರಿದರೆ ನಾಚಿಕೆಪಡದೆ ಮತ್ತೆ ಹೊತ್ತಿಸಬೇಕು. ಇಷ್ಟನ್ನೂ ನಮ್ಮವರಿಗೆ ಹೇಳಿ, ಕೊನೆಗೆ ನನ್ನ ಕಡೆ ತಿರುಗಿದರು.

"ಇದೊಂದು ನೀವು ನೆನಪಿಟ್ಕೊಳ್ಳಿ ತಂಗ್ಯಮ್ಮ, ಇವರು ಮರೀತಾರೆ. ಒಂದು ಪೈಪಿಗೆ ಒಂದೇ ತಂಬಾಕು. ಮೊದಲು ಹಾಕಿದ್ದರ ವಾಸನೆ ಅದರ ಮೈಯೊಳಗೆ ಕೂತ್ಬಿಡುತ್ತೆ. ಆಮೇಲೆ ಏನೇ ತುಂಬಿ, ಹಳೇದೇ ಎದ್ದು ಬರುತ್ತೆ."

ಆ ಪೈಪನ್ನು ನಮ್ಮವರು ಮೂರು ವರ್ಷ ಸೇದಿದರು. ಆಮೇಲೆ ಒಂದು ಮಧ್ಯಾಹ್ನ, ಬಿಚ್ಚಿಟ್ಟ ಗಡಿಯಾರದ ಮೇಲೆ ತಲೆಯಿಟ್ಟವರು ಏಳಲಿಲ್ಲ. ಎದೆಬಡಿತ ನಿಂತಿತ್ತು. ತಿಂಗಳು ಕಳೆದ ಮೇಲೆ ಮೂಗುದೊರೆ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ಅಂಗಡಿ ಗುಡಿಸೋರಿಲ್ಲ ತಂಗ್ಯಮ್ಮ. ಮನೇಲಿ ಕೂತು ಅಳೋದನ್ನ ಅಲ್ಲೇ ಬಂದು ಅಳು. ಹೊಗೆ ಅಂದ್ಕೋತಾರೆ ಜನ."

ಹಾಗೆ ಹೋದವಳು ಹನ್ನೊಂದು ವರ್ಷ ಅಲ್ಲೇ ಇದ್ದೆ. ಆಮೇಲಾಮೇಲೆ ಅವರು ನನಗೆ ಅಣ್ಣನೇ ಆದರು.

ಹಲಗೆಗಳನ್ನು ಒರೆಸುವುದು ನನ್ನ ಕೆಲಸ. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಒಂದೇ ಒಂದು ದೊಡ್ಡ ಡಬ್ಬಿ ಇತ್ತು, ಮುಚ್ಚಳದ ಸುತ್ತ ಮೇಣ ಮೆತ್ತಿತ್ತು. ಒಂದು ದಿನ ಅದನ್ನು ಇಳಿಸಲು ಹೋದೆ. "ಅದು ಬೇಡ" ಎಂದು ಕುರ್ಚಿಯಿಂದಲೇ ಕೂಗಿದರು. ಆಮೇಲೆ ತಾವೇ ಹೇಳಿದರು. ಅದರಲ್ಲಿ ಅವರ ಹೆಂಡತಿಯ, ಅಂದರೆ ನನ್ನ ಅತ್ತಿಗೆಯ ಶಾಲು ಇತ್ತಂತೆ. ತೀರಿಹೋದ ದಿನ ಹೊದ್ದುಕೊಂಡಿದ್ದದ್ದು.

"ಡಬ್ಬಿಯಷ್ಟು ಚೆನ್ನಾಗಿ ವಾಸನೆ ಹಿಡಿದಿಡೋದು ಯಾವುದೂ ಇಲ್ಲಮ್ಮ. ಖಾಲಿ ತಂಬಾಕು ಡಬ್ಬಿ ನಾಲ್ಕು ಸಲ ತೊಳೆದು, ಒಣಗಿಸಿ, ಅವತ್ತೇ ಶಾಲು ಹಾಕಿಟ್ಟೆ. ಅವಳದ್ದು ಸೋಪು, ಕಿತ್ತಳೆ ಸಿಪ್ಪೆ, ಅದರ ಹಿಂದೆ ಸ್ವಲ್ಪ ಬೆವರು. ತೆಗೆದ್ರೆ ಒಂದೇ ಸಲ. ಆಮೇಲೆ ಹಾರಿಹೋಗುತ್ತೆ. ಅದಕ್ಕೇ ಉಳಿಸ್ತಾ ಬಂದಿದ್ದೀನಿ."

ಹತ್ತನೇ ವರ್ಷದ ಚಳಿಗಾಲದಲ್ಲಿ ಅವರಿಗೆ ಜ್ವರ ಬಂತು, ಹೋಯಿತು. ಅದಾದ ಮೇಲೆ ಒಬ್ಬ ಶಾಲೆ ಮೇಷ್ಟ್ರು ಮೊದಲ ಪೈಪು ಕೊಳ್ಳಲು ಬಂದರು. ಅಣ್ಣ ಎಂದಿನ ಹಾಗೆ ಹಲ್ಲು ವಿಚಾರಿಸಿ, ಸೇದುವ ಹೊತ್ತು ವಿಚಾರಿಸಿ, ಹಗುರವಾದ ನೇರ ಪೈಪು ಆರಿಸಿ, ಒಂದು ಡಬ್ಬಿ ತೆರೆದು ಮೂಸಿದರು.

"ಹೊಸಬರಿಗೆ ಇದೇ ಸರಿ. ಒಣ ಹುಲ್ಲಿನ ವಾಸನೆ ನೋಡಿ."

ಗುಡಿಸುತ್ತಿದ್ದ ನನ್ನ ಮೂಗಿಗೇ ಬೂಷ್ಟಿನ ವಾಸನೆ ಬಡಿಯಿತು. ಮೇಷ್ಟ್ರು ಪಾಪ, ಒಣ ಹುಲ್ಲು ಎಂದರೆ ಹೀಗೇ ಇರಬೇಕೆಂದು ತಲೆಯಾಡಿಸಿದರು.

"ಅಣ್ಣ, ಆ ಡಬ್ಬಿ ಬೇರೆಯವರಿಗೆ ಎತ್ತಿಟ್ಟದ್ದು" ಎಂದು ಪಕ್ಕದ್ದನ್ನು ಕೊಟ್ಟೆ. ಮೇಷ್ಟ್ರು ಹೋದ ಮೇಲೆ ಕೇಳಿದೆ: "ಎಷ್ಟು ದಿನದಿಂದ?"

"ಜ್ವರ ಬಿಟ್ಟಾಗಿನಿಂದ. ಕಾಫಿ ಕುಡಿದ್ರೆ ಬಿಸಿನೀರು. ಮೂಗು ಮುಖದ ಮೇಲೆ ಸುಮ್ನೆ ಕೂತಿದೆ, ಕನ್ನಡಕ ಬೀಳದೇ ಇರ್ಲಿ ಅಂತ." ನಗಲು ನೋಡಿದರು. ಆಮೇಲೆ ಅವರ ಕಣ್ಣು ಮೇಲಿನ ಹಲಗೆಗೆ ಹೋಯಿತು. "ಉಳಿಸಿ ಉಳಿಸಿ ಇಟ್ಟೆ ತಂಗ್ಯಮ್ಮ. ಈಗ ಯಾರಿಗೆ?"

ಬೂಷ್ಟು ಹಿಡಿದ ತಂಬಾಕನ್ನು ಹೊರಗೆ ಸುರಿದು ಬಂದೆ.

ಅವತ್ತಿನಿಂದ ಆ ಅಂಗಡಿಯ ಮೂಗು ನಾನಾದೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಆ ಹತ್ತು ವರ್ಷಗಳಲ್ಲಿ ಅವರು ಕಲಿಸಿದ್ದ ವಿದ್ಯೆ ಅದು. ಡಬ್ಬಿಗಳನ್ನು ಸಾಲಾಗಿ ಇಟ್ಟು, ಕಣ್ಣು ಮುಚ್ಚಿಸಿ ಕೇಳುತ್ತಿದ್ದರು. ತಪ್ಪಿದರೆ ಬೈಯುತ್ತಿದ್ದರು. "ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಅನ್ನು. ಹೊಸಬರು ನಮ್ಮ ಮೂಗು ನಂಬಿ ಬರ್ತಾರೆ, ಅವರಿಗೆ ಸುಳ್ಳು ಹೇಳಬಾರ್ದು." ಒಂದು ವರ್ಷ ಒಂದು ಸುಳ್ಳನ್ನೂ ನಾನು ಹೇಳಲಿಲ್ಲ.

ಮುಂದಿನ ಚಳಿಗಾಲಕ್ಕೆ ಅವರು ಅಂಗಡಿಯ ಮಹಡಿಯಲ್ಲಿದ್ದ ತಮ್ಮ ಕೋಣೆಯಿಂದ ಇಳಿಯುವುದು ನಿಂತುಹೋಯಿತು. ಗಂಜಿ ಕುಡಿಸಿದರೆ ಎರಡು ಚಮಚ, ಸಾಕು. ಒಂದು ದಿನ ಬೆಳಗ್ಗೆ ಕಿಟಕಿಯ ಬಿಸಿಲು ಹಾಸಿಗೆಯ ತನಕ ಬಂದಿತ್ತು.

"ಆ ಡಬ್ಬಿ ತಗೊಂಡ್ ಬಾ" ಅಂದರು. "ನೀನೇ ತೆಗಿ. ನೀನೇ ಮೂಸಿ ಹೇಳು. ಅವಳು ಇದ್ದಾಳಾ ನೋಡು."

ತರಕಾರಿ ಚಾಕುವಿನಿಂದ ಮೇಣ ಕೆರೆದು ಮುಚ್ಚಳ ಎತ್ತಿದೆ. ನೀಲಿ ಶಾಲು, ನಾಲ್ಕು ಮಡಿಕೆ. ಮುಖ ಇಟ್ಟು ಉಸಿರೆಳೆದೆ.

ತಂಬಾಕು. ಕಟ್ಟಿಗೆ ಹೊಗೆಯಲ್ಲಿ ಒಣಗಿಸುವ ಆ ಕಪ್ಪು ಎಲೆಯ ಖಾರ ವಾಸನೆ, ನೂಲುನೂಲಿಗೂ ಇಳಿದಿತ್ತು. ಬೇರೆ ಏನೂ ಇರಲಿಲ್ಲ. ಇನ್ನೊಮ್ಮೆ ಎಳೆದೆ, ಮಡಿಕೆ ಬಿಚ್ಚಿ ಅಂಚಿನಲ್ಲೂ ನೋಡಿದೆ. ಪೈಪಿನ ಬಗ್ಗೆ ಊರಿಗೆಲ್ಲ ಹೇಳಿದ ಮಾತನ್ನು ಡಬ್ಬಿಯ ವಿಷಯದಲ್ಲಿ ಅವರು ಮರೆತಿದ್ದರು. ಅತ್ತಿಗೆ ತೀರಿಹೋದ ದಿನ ಅತ್ತು ಅತ್ತು ಅವರ ಮೂಗು ಕಟ್ಟಿತ್ತೋ ಏನೋ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಸೋಪು" ಅಂದೆ.

"ಹೂಂ."

"ಕಿತ್ತಳೆ ಸಿಪ್ಪೆ."

"ಬೆವರು?"

"ಇದೆ ಅಣ್ಣ. ಹಿಂದೆ, ಸ್ವಲ್ಪ."

ಅವರ ಕೈ ಗಾಬರಿಯಿಂದ ನನ್ನ ಮಣಿಕಟ್ಟಿಗೆ ಬಂತು.

"ಹಾಗಾದ್ರೆ ಮುಚ್ಚು ತಂಗ್ಯಮ್ಮ. ಬೇಗ ಮುಚ್ಚು, ಹೋಗ್ಬಿಡ್ತಾಳೆ."